ಓದಿದ್ದೇ ತಪ್ಪಾಯಿತೆ?

ಚೆಂಡನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚಾದ ಅಮೆರಿಕದ ಕಾಲೇಜು ಫುಟ್‌ಬಾಲ್, ಆಟಗಾರರ ಓದನ್ನು ಕಡೆಗಣಿಸುತ್ತದೆಂಬ ಟೀಕೆ ಬಂದಾಗಲೆಲ್ಲ ಮೈರನ್ ರೋಲ್ ಅವರಂಥವರನ್ನು ಮುಂದೆ ನಿಲ್ಲಿಸುತ್ತದೆ. ರೋಲ್ ಅದಕ್ಕೆ ತಕ್ಕವರೇ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಪರ ಆಡುತ್ತಲೇ ಎರಡೂವರೆ ವರ್ಷದಲ್ಲಿ ಪದವಿ ಮುಗಿಸಿದರು, ಮೂಲನಿವಾಸಿ ಸೆಮಿನೋಲ್ ಸಮುದಾಯದ ಮಕ್ಕಳಿಗಾಗಿ ಆರೋಗ್ಯ ಪಾಠಗಳನ್ನು ರೂಪಿಸಿದರು. 2008ರ ನವೆಂಬರ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂದರ್ಶನ ಕೊಟ್ಟು ರೋಡ್ಸ್ ವಿದ್ಯಾರ್ಥಿವೇತನ ಗೆದ್ದ ದಿನವೇ ಮೇರಿಲ್ಯಾಂಡ್‌ಗೆ ಹಾರಿ, ನಡೆಯುತ್ತಿದ್ದ ಪಂದ್ಯದಲ್ಲಿ ತಂಡವನ್ನು ಕೂಡಿಕೊಂಡರು. ಮುಂದೆ ವೈದ್ಯಕೀಯ ಓದಿ ನರಶಸ್ತ್ರಚಿಕಿತ್ಸೆಯ ಹಾದಿ ಹಿಡಿದರು. ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ. ಒಂದು ವರ್ಷ ಆಟ ಬಿಟ್ಟು ಆಕ್ಸ್‌ಫರ್ಡ್‌ಗೆ ಹೋದ ಅವರನ್ನು, ಜೊತೆಗಾರರ ಕೈಬಿಟ್ಟು ಹೋದಾಗ ಹೇಗನ್ನಿಸಿತು ಎಂದು ವೃತ್ತಿಪರ ತಂಡವೊಂದರವರು ಕೇಳಿದ್ದರು. ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2010ರಲ್ಲಿ, ಅವರ ಹೆಸರು ಬಂದದ್ದು ಆರನೇ ಸುತ್ತಿನಲ್ಲಿ. ಅದಕ್ಕೆ ಆಟದ ಲೆಕ್ಕಾಚಾರವೂ ಕಾರಣವಿದ್ದೀತು. ಆದರೆ ಓದಲು ಹೋದದ್ದನ್ನು ದ್ರೋಹವೆಂದು ಬಗೆಯುವ ಬುದ್ಧಿ ಆ ಪ್ರಶ್ನೆಯಲ್ಲೇ ಬಯಲಾಗಿದೆ.

ಹಾಗಾಗಿ ರೋಲ್ ಅವರ ಸಾಧನೆ ಈ ವ್ಯವಸ್ಥೆಗೆ ಪ್ರಮಾಣಪತ್ರವಾಗದು. ಅವರು ಗೆದ್ದದ್ದು ಅದನ್ನು ಎದುರು ಹಾಕಿಕೊಂಡು. ಎಲ್ಲರಿಗೂ ಅಂಥ ಶಕ್ತಿ ಇರುವುದಿಲ್ಲ, ಇರಬೇಕೆಂದು ಬಯಸುವುದೂ ನ್ಯಾಯವಲ್ಲ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರರು ಕಾರ್ಮಿಕ ಸಂಘ ಕಟ್ಟಿಕೊಳ್ಳಲು ಹೊರಟಾಗ, 2014ರಲ್ಲಿ ವಿಚಾರಣೆ ನಡೆಸಿದ ಕಾರ್ಮಿಕ ಮಂಡಳಿಯ ಅಧಿಕಾರಿ, ಋತುವಿನಲ್ಲಿ ಅವರು ವಾರಕ್ಕೆ 40ರಿಂದ 50 ಗಂಟೆ ಫುಟ್‌ಬಾಲ್‌ಗೇ ಕೊಡುತ್ತಾರೆಂದು ಗುರುತಿಸಿದರು. ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಕಾಗದದ ಮೇಲೆ ಇಟ್ಟಿರುವ ಮಿತಿ 20 ಗಂಟೆ! ತಂಡದ ಕ್ವಾರ್ಟರ್‌ಬ್ಯಾಕ್ ಕೇನ್ ಕೋಲ್ಟರ್ ವೈದ್ಯನಾಗಬೇಕೆಂದು ಬಂದವರು. ರಸಾಯನಶಾಸ್ತ್ರದ ತರಗತಿಯೂ ಬೆಳಗಿನ ಅಭ್ಯಾಸವೂ ಒಂದೇ ಹೊತ್ತಿಗೆ ಬಿದ್ದು, ಕೊನೆಗೆ ಮನಶ್ಶಾಸ್ತ್ರಕ್ಕೆ ಹೊರಳಿದರು. ಆಟಗಾರರು ಓದಿನಲ್ಲಿ ಹಿಂದೆ ಬೀಳುವುದು ಸೋಮಾರಿತನದಿಂದ ಎನ್ನುವವರು ಹೇಳಲಿ, ಸೋಮಾರಿತನ ಇಲ್ಲೆಲ್ಲಿದೆ? ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಂತೂ ಪಾಠವೇ ನಡೆಯದ ತರಗತಿಗಳಿಗೆ 18 ವರ್ಷ ಕಾಲ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸೇರಿದ್ದರೆಂದು 2014ರ ತನಿಖಾ ವರದಿ ಹೇಳಿತು. ಅವರಲ್ಲಿ ಅರ್ಧದ ಹತ್ತಿರ ಕ್ರೀಡಾಪಟುಗಳು.

ಉಚಿತ ಶಿಕ್ಷಣ ಸಿಗುತ್ತದಲ್ಲ, ಬೇಡವಾದವರು ಆಟ ಬಿಡಲಿ ಎನ್ನುವವರಿದ್ದಾರೆ. ಆದರೆ 1973ರಿಂದ ನಾಲ್ಕು ದಶಕದಷ್ಟು ಕಾಲ ಅದಕ್ಕಾಗಿ ಕೊಡುವ ಕ್ರೀಡಾ ವಿದ್ಯಾರ್ಥಿವೇತನವನ್ನು ವರ್ಷ ವರ್ಷವೂ ನವೀಕರಿಸಬೇಕಿತ್ತು. ಕೋಚ್‌ನ ಮರ್ಜಿ ಕಾಯುವ ಹುಡುಗ ಪ್ರಯೋಗಾಲಯದ ತರಗತಿಗಾಗಿ ಅಭ್ಯಾಸ ತಪ್ಪಿಸುವ ಧೈರ್ಯ ಎಲ್ಲಿಂದ ತರಬೇಕು? ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಓದು, ಆಟ, ನಾಯಕತ್ವ ಮೂರನ್ನೂ ಗಮನಿಸಿ ಕೊಡುವ ಕ್ಯಾಂಪ್‌ಬೆಲ್ ಟ್ರೋಫಿಯಂಥ ಗೌರವಗಳು ಕಿರಿಯರಿಗೆ ಹುಮ್ಮಸ್ಸು ಕೊಡುತ್ತವೆ. ನಿಜ, ಅದು ಮುಂದುವರಿಯಲಿ. ಆದರೆ ವರ್ಷಕ್ಕೊಬ್ಬರಿಗೆ ಕೊಡುವ ಟ್ರೋಫಿಯಿಂದ ಉಳಿದ ಸಾವಿರಾರು ಮಂದಿಯ ವೇಳಾಪಟ್ಟಿ ಬದಲಾಗುವುದಿಲ್ಲ.

ಆಟಗಾರರ ಮೊಕದ್ದಮೆಯಲ್ಲಿ 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಬಳಿಕ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಅದು ತಡವಾಗಿ ಸಿಕ್ಕ ನ್ಯಾಯ. ಆದರೆ ಕೋಲ್ಟರ್ ಅವರಿಗೆ ಬೇಕಿದ್ದದ್ದು ಬೆಳಗಿನ ಎರಡು ಗಂಟೆ. ತರಗತಿಯ ವೇಳೆ ಮೊದಲು ನಿಗದಿಯಾಗಿ ಅಭ್ಯಾಸ ಅದಕ್ಕೆ ಹೊಂದಿಕೊಳ್ಳಬೇಕು, ಗಾಯಗೊಂಡು ತಂಡದಿಂದ ಹೊರಬಿದ್ದರೂ ಪದವಿ ಮುಗಿಯುವವರೆಗೆ ಶುಲ್ಕವನ್ನು ಕಾಲೇಜೇ ಭರಿಸಬೇಕು ಎಂಬ ಷರತ್ತುಗಳನ್ನು ಆಟಗಾರರ ಒಪ್ಪಂದದಲ್ಲೇ ಬರೆಯಲು ಈಗ ಅಡ್ಡಿಯೇನು?