ವಂಶದ ಮೂಲ: ರಕ್ತದಲ್ಲೋ, ಕಾಗದದಲ್ಲೋ?

ಮುತ್ತಾತನ ತಂದೆಯ ಹೆಸರೇನೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸುತ್ತೇವೆ. ಹುಟ್ಟಿದ ಊರಿನಲ್ಲಿಯೇ ಬಾಳಿದವರ ಪಾಡು ಹೀಗಿರುವಾಗ, ಕಡಲು ದಾಟಿ ಹೋದವರ ಮೊಮ್ಮಕ್ಕಳು ತಮ್ಮ ಮೂಲವನ್ನು ಅರಸುವ ಬಗೆ ಹೇಗೆ? ಜೊಲ್ಲನ್ನು ಪರೀಕ್ಷಿಸಿ ವಂಶವನ್ನು ತಿಳಿಸುತ್ತೇವೆನ್ನುವ ಸಂಸ್ಥೆಗಳು ಇಂದು ಹಲವಿವೆ. ವಿಜ್ಞಾನದ ಈ ಕೊಡುಗೆಯನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಅದನ್ನೇ ನೆಚ್ಚಿ ಹಳೆಯ ಕಾಗದಗಳನ್ನು ಅಲಕ್ಷಿಸುವುದು ತಪ್ಪೆಂದು ನಮ್ಮ ಅಭಿಪ್ರಾಯ.

ಲೆಕ್ಕವನ್ನೇ ನೋಡೋಣ. ತಂದೆತಾಯಿಗಳು 2, ಅಜ್ಜ ಅಜ್ಜಿಯರು 4. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಮಾರಿನಲ್ಲಿ ಪೂರ್ವಜರ ಸ್ಥಾನಗಳು 1,024. ಸೋದರಸಂಬಂಧದಲ್ಲಿ ಮದುವೆಗಳಾಗಿದ್ದರೆ ಒಬ್ಬರೇ ಎರಡು ಸ್ಥಾನಗಳಲ್ಲಿ ಇರಬಹುದು. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತು ಇವುಗಳಲ್ಲಿ ಒಂದನ್ನು ಮಾತ್ರ ಸೂಚಿಸುತ್ತದೆ. ತಾಯಿಯಿಂದ ಬರುವ ಮೈಟೊಕಾಂಡ್ರಿಯದ ಡಿ.ಎನ್.ಎ. ಇನ್ನೊಂದನ್ನು. ಮಿಕ್ಕವರ ಪಾಲು ಉಳಿದ ವರ್ಣತಂತುಗಳಲ್ಲಿ ಕಲೆತು, ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸುತ್ತ ಬರುತ್ತದೆ. ಕೆಲವರ ಅಂಶ ನಮ್ಮಲ್ಲಿ ಲವಲೇಶವೂ ಉಳಿದಿರುವುದಿಲ್ಲ. ಆದುದರಿಂದ ಪರೀಕ್ಷೆಯು ಹತ್ತಿರದ ನೆಂಟರನ್ನು ಚೆನ್ನಾಗಿ ಗುರುತಿಸಬಲ್ಲದೇ ಹೊರತು, ದೂರದ ಪೂರ್ವಜನ ಹೆಸರನ್ನಾಗಲಿ ಊರನ್ನಾಗಲಿ ಹೇಳಲಾರದು.

ಅದನ್ನು ಹೇಳುವುದು ಕಾಗದ. 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರು ಕರಾರಿನ ಕೂಲಿಗಳಾಗಿ ಫಿಜಿ ದ್ವೀಪಗಳಿಗೆ ಹೋದರು. 'ಅಗ್ರಿಮೆಂಟ್' ಎಂಬ ಮಾತು ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ಹಡಗು ಹತ್ತುವ ಮುನ್ನ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಗ್ರಾಮ, ಮೈಮೇಲಿನ ಗುರುತುಗಳನ್ನು ಒಂದು ರಹದಾರಿ ಪತ್ರದಲ್ಲಿ ಬರೆಯುತ್ತಿದ್ದರು. ಗಿರ್ಮಿಟಿಯರೊಬ್ಬರ ಮೊಮ್ಮಗನಾದ ಇತಿಹಾಸಕಾರ ಬ್ರಿಜ್ ಲಾಲರು ಕಲ್ಕತ್ತೆಯಿಂದ ಹೊರಟ 45,439 ಮಂದಿಯ ಪತ್ರಗಳನ್ನು ಪರಿಶೀಲಿಸಿ 1983ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಹೋದವರೆಲ್ಲರೂ ಕೀಳು ಕುಲದವರು, ದಿಕ್ಕುದೆಸೆಯಿಲ್ಲದವರು ಎಂಬ ನಂಬಿಕೆ ಅದರಿಂದ ಅಳಿಯಿತು. ಅವರು ಗ್ರಾಮಸಮಾಜದ ಎಲ್ಲ ವರ್ಗಗಳಿಂದಲೂ ಬಂದವರಾಗಿದ್ದರು. ದಬ್ಬಾಳಿಕೆಯ ವ್ಯವಸ್ಥೆಯೊಂದು ತನ್ನ ಅನುಕೂಲಕ್ಕಾಗಿ ಬರೆದಿಟ್ಟ ಕಾಗದವೇ ಅದಕ್ಕೆ ಬಲಿಯಾದವರ ಮಾನವನ್ನು ಕಾಯಿತೆಂಬುದು ವಿಚಿತ್ರವಾದರೂ ಸತ್ಯ.

ಕಾಗದವೂ ಸುಳ್ಳಾಡಬಹುದೆಂಬ ಆಕ್ಷೇಪವುಂಟು. ಗುಮಾಸ್ತನ ಕಿವಿಗೆ ಕೇಳಿದಂತೆ ಹೆಸರು ಮಾರ್ಪಟ್ಟಿರಬಹುದು. ಬಂದವನೇ ಬೇಕೆಂದು ಹೆಸರನ್ನೋ ಜಾತಿಯನ್ನೋ ಮರೆಮಾಚಿರಬಹುದು. ಇಲ್ಲಿಯೇ ಪ್ರಯೋಗಶಾಲೆಗೆ ಕೆಲಸವಿದೆ. ಕಾಗದವು ತೋರಿದ ಹಳ್ಳಿಯ ಕುಟುಂಬಕ್ಕೂ ಕಡಲಾಚೆಯ ಕುಟುಂಬಕ್ಕೂ ನಿಜವಾಗಿ ಸಂಬಂಧವಿದೆಯೇ ಎಂಬುದನ್ನು, ಅಂತರ ಕೆಲವೇ ತಲೆಮಾರುಗಳದಾದರೆ, ಪರೀಕ್ಷೆಯಿಂದ ಒರೆಹಚ್ಚಬಹುದು. ಆದರೆ ಒಬ್ಬನ ಪರೀಕ್ಷೆ ಅವನ ಒಡಹುಟ್ಟಿದವರ ಗುಟ್ಟನ್ನೂ ಬಯಲುಮಾಡುತ್ತದೆ. ಅವರ ಒಪ್ಪಿಗೆ ಪಡೆಯುವುದು ಮರ್ಯಾದೆ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿರುವ ಕ್ರಯಪತ್ರ, ಜಾತಕ, ಹಳೆಯ ಕಾಗದಪತ್ರಗಳನ್ನು ತೆಗೆದು ಚಿತ್ರ ತೆಗೆದಿಡಿರಿ. ಮನೆಯ ಹಿರಿಯರನ್ನು ಕೇಳಿ ಹೆಸರು, ಊರುಗಳನ್ನು ಬರೆದುಕೊಳ್ಳಿರಿ; ಸಾಮಾನ್ಯವಾಗಿ ಬಿಟ್ಟುಹೋಗುವ ಹೆಣ್ಣುಮಕ್ಕಳ ಹೆಸರನ್ನು ಮೊದಲು ಬರೆಯಿರಿ. ಪರೀಕ್ಷೆಯನ್ನು ಮುಂದಿನ ವರ್ಷವೂ ಮಾಡಿಸಬಹುದು. ಗೆದ್ದಲು ತಿಂದ ಕಾಗದವೂ ಅಗಲಿದ ಅಜ್ಜಿಯ ನೆನಪೂ ಮರಳಿ ಬಾರವು.