ಗೋಡೆಯ ಹಿಂದಿನ ಕಾಯಕ



ಹಳಿಯಾಳ ಸೀಮೆಯ ಭಕ್ತರೊಬ್ಬರು ಮಗಳಿಗೆ ಬಂದ ಸಂಬಂಧದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು. "ಹುಡುಗ ಎಂಜಿನಿಯರಿಂಗ್ ಕಲಿತಾನ, ನಡತೀನೂ ಚಲೋ ಐತಿ. ಆದರ ಶಾಸ್ತ್ರಿಗಳ, ದವಾಖಾನಿಯೊಳಗ ಇದ್ದರೂ ಡಾಕ್ಟರ ಅಲ್ಲ, ಮಷೀನ್ ರಿಪೇರಿ ಮಾಡತಾನ" ಎಂದು ಸಂಕೋಚಪಟ್ಟರು. ಆ ಸಂಕೋಚ ನನ್ನನ್ನು ನೋಯಿಸಿತು. ಆ ತರುಣನ ಕಾಯಕವೆಂಥದೆಂಬುದನ್ನು ತುಸು ವಿಚಾರಿಸೋಣ.

ಶಸ್ತ್ರಚಿಕಿತ್ಸೆಯ ಬಟ್ಟೆಬರೆಗಳು ಆಟೋಕ್ಲೇವ್ ಎಂಬ ಉಗಿಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ನಿಷ್ಕ್ರಿಮಿಗೊಳ್ಳಬೇಕು. ಒಳಗಿನ ಗಾಳಿ ಪೂರ್ಣವಾಗಿ ಹೊರಹೋಗದಿದ್ದರೆ ಉಗಿಯು ಗಂಟಿನ ನಡುವನ್ನು ಮುಟ್ಟದು. ಹೊರಗೆ ಬಿಸಿಯಾಗಿರುವ ಬಟ್ಟೆ ಒಳಗೆ ಅಶುದ್ಧವಾಗಿಯೇ ಉಳಿಯುವುದು. ವೈದ್ಯರ ಕಣ್ಣಿಗೆ ಇದು ಕಾಣದು. ಬಾಗಿಲಿನ ರಬ್ಬರ್ ಪಟ್ಟಿಯನ್ನೂ ಕವಾಟಗಳನ್ನೂ ಪರೀಕ್ಷಿಸುವವನ ಪ್ರಾಮಾಣಿಕತೆಯೇ ಅಲ್ಲಿ ರೋಗಿಗೆ ರಕ್ಷೆ. ಆಮ್ಲಜನಕದ ಕೊಳವೆಗಳ ಜೋಪಾನವೂ ಅವನದೇ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ಕೋವಿಡ್ ರೋಗಿಗಳು ಅಸುನೀಗಿದಾಗ, ಗೋಡೆಯಲ್ಲಿ ಸದ್ದಿಲ್ಲದೆ ಹರಿಯುವ ಆ ಪ್ರಾಣವಾಯುವಿನ ಬೆಲೆ ನಾಡಿಗೆಲ್ಲ ತಿಳಿಯಿತು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಈ ಹೊಣೆ ಇನ್ನೂ ಹಿರಿದು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಜೋಯಿಡಾ ತಾಲೂಕಿನಲ್ಲಿಯೇ ಇದೆ. ಕಾಳಿಯ ನೀರು ನಾಡಿಗೆ ಬೆಳಕು ನೀಡುತ್ತಿದೆ. ಆದರೂ ಮುಂಗಾರಿನಲ್ಲಿ ಮರವೊಂದು ತಂತಿಯ ಮೇಲೆ ಉರುಳಿದರೆ ಕಾಡಿನ ನಡುವಿನ ಊರು ಕತ್ತಲಾಗುವುದು. ದೊಡ್ಡ ಆಸ್ಪತ್ರೆಗೆ ಒಯ್ಯೋಣವೆಂದರೆ ಧಾರವಾಡ, ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಆ ಗಳಿಗೆಯಲ್ಲಿ ಆಸ್ಪತ್ರೆಯ ಜನರೇಟರ್ ತಪ್ಪದೆ ಚಾಲೂ ಆಗಬೇಕಾದರೆ, ವಿದ್ಯುತ್ತು ಇರುವಾಗಲೇ ಅದನ್ನು ವಾರವಾರವೂ ಓಡಿಸಿ, ಡೀಸೆಲ್, ಬ್ಯಾಟರಿಗಳನ್ನು ನೋಡಿಟ್ಟಿರಬೇಕು. ಇದು ಯಾರೂ ಕಾಣದ ವ್ರತ. ಏನೂ ಆಗದೆ ಬೆಳಗಾದರೆ ಅದೇ ಅದರ ಫಲ, ಹೊಗಳುವವರಾರೂ ಇರರು.

ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣನೂ ಇದ್ದನು, ಬಡಿಗತನದ ಬಾಚಿಕಾಯಕದ ಬಸವಣ್ಣನೂ ಇದ್ದನು. ಇಬ್ಬರೂ ವಚನಕಾರರೇ. ನಾಡಿ ಹಿಡಿದ ಕೈ ಮೇಲು, ಬಾಚಿ ಹಿಡಿದ ಕೈ ಕೀಳು ಎಂದು ಶರಣರು ಎಣಿಸಲಿಲ್ಲ. ನುಲಿಯ ಚಂದಯ್ಯನ ಕಥೆಯನ್ನು ನೀವೆಲ್ಲ ಬಲ್ಲಿರಿ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿದರೂ ಆತ ಕಾಯಕ ನಿಲ್ಲಿಸಲಿಲ್ಲ. ಕೊನೆಗೆ ಲಿಂಗಯ್ಯನೇ ಹಗ್ಗ ಮಾರುವ ಕಾಯಕಕ್ಕೆ ನಿಲ್ಲಬೇಕಾಯಿತೆಂದು ಪರಂಪರೆ ಹೇಳುತ್ತದೆ. ಅಂಥವರ ಹೆಸರು ಹೇಳುವ ನಾವು, ಮಗಳ ಮದುವೆಯ ಮಾತು ಬಂದೊಡನೆ ಕಾಯಕದಲ್ಲಿ ಮೇಲುಕೀಳು ಹುಡುಕುವುದು ತರವೇ?

ಆ ಭಕ್ತರಿಗೆ ನಾನು ಹೇಳಿದ್ದು ಇಷ್ಟೇ: "ಹುಡುಗನ ಕೈಗೆ ಹತ್ತಿದ ಗ್ರೀಸನ್ನು ನೋಡಬೇಡಿರಿ. ಕಳೆದ ವಾರ ಜನರೇಟರ್ ಓಡಿಸಿ ನೋಡಿದನೋ ಇಲ್ಲವೋ, ಅದನ್ನು ಕೇಳಿರಿ. ನೋಡಿದ್ದರೆ, ಮಗಳಿಗೂ ಮನಸ್ಸಿದ್ದರೆ, ನಿಶ್ಚಿಂತೆಯಿಂದ ಮುಂದುವರಿಯಿರಿ."