ತಾವರೆಗೆ ಏಳು ಹೆಸರು, ಮಟ್ಟೆಗೆ ಜಾಗವಿಲ್ಲ

ಪದಬಂಧದಲ್ಲಿ ‘ತಾವರೆ’ ಎಂದು ಸುಳಿವು ಕೊಟ್ಟು ಮೂರು ಮನೆ ಖಾಲಿ ಬಿಟ್ಟರೆ ಓದುಗ ಏನು ಬರೆಯಬೇಕು? ಕಮಲ, ಜಲಜ, ನೀರಜ, ವನಜ, ಪಂಕಜ, ಸರೋಜ, ಅಂಬುಜ. ಏಳೂ ಮೂರಕ್ಷರದವೇ. ಐವತ್ತು ವರ್ಷದ ಹಿಂದಿನ ಹೆಣ್ಣುಮಕ್ಕಳ ಶಾಲೆಯ ಹಾಜರಿ ಪುಸ್ತಕ ಓದಿದ ಹಾಗಾಯಿತು. ಯಾವುದನ್ನು ಬೇಕಾದರೂ ಬರೆಯಬಹುದು, ಯಾವುದನ್ನೂ ಧೈರ್ಯವಾಗಿ ಬರೆಯುವ ಹಾಗಿಲ್ಲ. ಮೇಲಿನಿಂದ ಇನ್ನೊಂದು ಪದ ಇಳಿದು ಬಂದು ನಡುವಿನ ಅಕ್ಷರ ಇಂಥದ್ದು ಅಂತ ಹೇಳುವ ತನಕ ಪೆನ್ನು ಹಿಡಿದು ಕಾಯಬೇಕು. ಸುಳಿವು ಕೊಟ್ಟವರು ಬುದ್ಧಿಗೆ ಕೆಲಸ ಕೊಡಲಿಲ್ಲ, ತಾಳ್ಮೆಗೆ ಕೊಟ್ಟರು.

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮನೆ ಚಿಕ್ಕನಾಯಕನಹಳ್ಳಿ, ಓಡಾಟ ಬಸ್ಸಿನಲ್ಲಿ. ಹರಾಜಿನ ದಿನ ಊಟಕ್ಕೂ ಪುರಸೊತ್ತಿರುವುದಿಲ್ಲ, ಮಿಕ್ಕ ದಿನ ಪೇಪರಿನ ಕೊನೇ ಪುಟದವರೆಗೂ ಓದುವಷ್ಟು ಸಮಯ ಸಿಗುತ್ತದೆ. ಪದಬಂಧ ಬಿಡಿಸುವುದು ನನಗೆ ಬೀಡಿ ಕಾಫಿಗಿಂತ ಹಳೆಯ ಚಟ. ಆದ್ದರಿಂದ ಈ ದೂರನ್ನು ಹೊರಗಿನವನ ಮಾತು ಅಂತ ತಳ್ಳಿಹಾಕಬೇಡಿ. ನಮ್ಮ ಪತ್ರಿಕೆಗಳ ಪದಬಂಧ ಸಮಾನಾರ್ಥಕ ಪದಗಳ ಪರೀಕ್ಷೆಯಾಗಿ ನಿಂತುಬಿಟ್ಟಿದೆ. ಅದರಲ್ಲಿ ಆಟ ಇಲ್ಲ. ವಾರಕ್ಕೆ ಒಂದಾದರೂ ಮಾತಿನ ಆಟದ ಪದಬಂಧ ಬೇಕು. ಅದೂ ಒಂದು ವಿಷಯ ಹಿಡಿದು ಹೆಣೆದದ್ದು.

ಹೀಗೆ ಕೇಳುವ ಧೈರ್ಯ ಬಂದದ್ದು ನಮ್ಮಕ್ಕನ ಮಗಳಿಂದ. ಬೆಂಗಳೂರಲ್ಲಿ ಓದುತ್ತಿರುವ ಹುಡುಗಿ. ದೀಪಾವಳಿಗೆ ಊರಿಗೆ ಬಂದವಳು ಚೌಕಳಿ ಹಾಳೆಯ ಮೇಲೆ ಪದಬಂಧ ಬರೆದು ತಂದಿದ್ದಳು. ಮೇಲೆ ದಪ್ಪಕ್ಷರದಲ್ಲಿ ‘ಕಲ್ಪವೃಕ್ಷ’. “ಇದ ಬಿಡಿಸು ಮಾವ, ನೋಡೋಣ. ಎಲ್ಲಾ ನಮ್ಮೂರ್ ಕಡೇದೇ. ಡಿಕ್ಷನರಿ ಮುಟ್ಟಂಗಿಲ್ಲ” ಅಂದಳು. ತೆಂಗಿನ ವಿಷಯ ತಾನೇ, ಕಾಫಿ ಆರುವುದರೊಳಗೆ ಮುಗಿಸುತ್ತೇನೆ ಅಂದುಕೊಂಡು ಕೂತೆ.

ಮೊದಲ ಸುಳಿವು: “ಬೊಜ್ಜಿನ ಶತ್ರುವಂತೆ, ಎಣ್ಣೆ ಬರುವುದು ಮಾತ್ರ ಇದರಿಂದಲೇ (3)”. ಎಣ್ಣೆ ಅಂದಮೇಲೆ ಕೊಬ್ಬರಿ ಇರಬೇಕು, ಅಷ್ಟು ಯಾರಿಗಾದರೂ ಹೊಳೆಯುತ್ತದೆ. ಆದರೆ ಬೊಜ್ಜಿನ ಶತ್ರು ಯಾಕೆ? ಪೆನ್ಸಿಲ್ ಕಚ್ಚಿಕೊಂಡು ಎರಡು ಸಲ ಬಾಯಲ್ಲಿ ಹೇಳಿಕೊಂಡಾಗ ಬಿಚ್ಚಿಕೊಂಡಿತು. ಬೊಜ್ಜು ಅಂದರೆ ಕೊಬ್ಬು, ಶತ್ರು ಅಂದರೆ ಅರಿ. ಕೊಬ್ಬು ಮತ್ತು ಅರಿ ಸೇರಿದರೆ ಲೋಪಸಂಧಿಯಾಗಿ ಕೊಬ್ಬರಿ. ಇಷ್ಟು ವರ್ಷ ದಿನಕ್ಕೆ ನೂರು ಸಲ ಬರೆದ ಪದದೊಳಗೆ ಶತ್ರು ಕೂತಿದ್ದು ಗೊತ್ತೇ ಇರಲಿಲ್ಲ. ಕನ್ನಡದ ಕೊಬ್ಬಿಗೆ ಸಂಸ್ಕೃತದ ಅರಿಯನ್ನು ಗಂಟು ಹಾಕಿದ್ದಾಳೆ, ಅಂದರೆ ಅರಿಸಮಾಸ, ಅದರಲ್ಲಿ ಅರಿಯೇ ಇದ್ದಾನೆ! ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ.ಶ್ರೀಕಂಠಯ್ಯನವರು ನಮ್ಮ ತಾಲ್ಲೂಕಿನ ತೀರ್ಥಪುರದವರು. ಅವರ ಊರಿನ ಪಕ್ಕದಲ್ಲಿ ಹುಟ್ಟಿದ ಹುಡುಗಿ ವ್ಯಾಕರಣವನ್ನು ಹೀಗೆ ಆಟಕ್ಕೆ ಇಳಿಸಿದ್ದು ನೋಡಿ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅವಳಿಗೆ ಹೇಳಲಿಲ್ಲ.

ಆಮೇಲೆ ಒಂದೊಂದೇ ಕೈಗೆ ಬಂದವು. “ದಮನಕನ ಜೊತೆಗಾರ ಬಾಲ ಕಳೆದುಕೊಂಡು ಒಲೆ ಸೇರಿದ (3)”. ಪಂಚತಂತ್ರದ ನರಿಗಳು ಕರಟಕ, ದಮನಕ. ಕರಟಕನ ಬಾಲ, ಅಂದರೆ ಕೊನೆಯ ‘ಕ’ ಕತ್ತರಿಸಿದರೆ ಕರಟ. ನಮ್ಮ ಮನೆಗಳಲ್ಲಿ ಅದು ಸೇರುವುದು ನೀರೊಲೆಯನ್ನೇ. “ಚಿನ್ನದ ಗಣಿಯ ಸಿನಿಮಾ ತೆಗೆದವರ ಹೆಸರಲ್ಲಿ ಬಾಳೆ ಇದ್ದರೂ ಬಿಡುವುದು ತೆಂಗಿನಲ್ಲಿ (3)”. ಕೆಜಿಎಫ್ ತೆಗೆದದ್ದು ಹೊಂಬಾಳೆ ಫಿಲ್ಮ್ಸ್. ಹೊಂಬಾಳೆಯಲ್ಲಿ ಹೊನ್ನೂ ಇದೆ, ಬಾಳೆಯೂ ಇದೆ, ತೆಂಗು ಇಲ್ಲ. “ತಿರುಪತಿಯಲ್ಲಿ ಒಂದು ಬಿಟ್ಟು ಒಂದು ಹಿಡಿದು ಟೂರು ಹೊರಟರೆ ಕೊಬ್ಬರಿ ಹರಾಜಿಗೆ ತಲುಪುತ್ತೀರಿ (4)”. ತಿರುಪತಿಯಲ್ಲಿ ಒಂದನೆಯ ಮತ್ತು ಮೂರನೆಯ ಅಕ್ಷರ ಹಿಡಿಯಿರಿ, ತಿ ಮತ್ತು ಪ, ಹಿಂದೆ ಟೂರು. ನಾನು ದಿನಾ ಹೋಗುವ ಊರು! ಪಕ್ಕದ ಊರಿಗೂ ಒಂದು ಕೊಟ್ಟಿದ್ದಳು: “ಹಸುವೇ ಜಲಾಶಯವಾದ ಊರು (5)”. ತುರುವೇ ಕೆರೆ. ಸ್ವಂತ ಊರಿಗಂತೂ ಸಲುಗೆ ಜಾಸ್ತಿ: “ಮರಿ ಪುಢಾರಿಯ ಹಳ್ಳಿ; ಪುರಸಭೆ ಬಂದರೂ ಹೆಸರು ಬಿಡಲಿಲ್ಲ (8)”. ಹಾಗಲವಾಡಿ ಪಾಳೆಯಗಾರರ ಚಿಕ್ಕನಾಯಕ ಇದನ್ನು ಓದಿದ್ದರೆ ಹುಡುಗಿಯ ಗತಿ ಏನಾಗುತ್ತಿತ್ತೋ.

ಬಿಡಿಸುವವನಿಗೆ ವಿಷಯ ಮೊದಲೇ ಗೊತ್ತಿದ್ದರೆ ಅನುಕೂಲ ಅಂತ ಜನ ತಿಳಿದಿರುತ್ತಾರೆ. ಅಸಲಿಗೆ ಅನುಕೂಲ ಹೆಣೆದವರಿಗೆ. ಎಲ್ಲದರಲ್ಲೂ ತೆಂಗನ್ನೇ ಹುಡುಕುತ್ತಾ ಹೋಗುತ್ತೇವೆ, ಅಲ್ಲೇ ಅವರು ಕಾಲು ಕೊಟ್ಟು ಕೆಡವುತ್ತಾರೆ. ಒಂದು ಸುಳಿವು ಎರಡು ದಿನ ನನ್ನನ್ನು ಸತಾಯಿಸಿತು. “ಕೊಂಬಿನ ಕೊಂಬು ಮುರಿದು ಏತ್ವ ಕೊಟ್ಟರೆ ನಮ್ಮ ಮರಕ್ಕಿಲ್ಲದ್ದು (2)”. ಹಾಳೆ ಮಡಿಚಿ ಮಂಡಿಗೆ ತಗೊಂಡು ಹೋದೆ. ಮೂಟೆ ತೂಕಕ್ಕೆ ಕಾಯುತ್ತಿದ್ದ ಶೆಟ್ಟಿಕೆರೆ ಕಡೆಯ ರೈತರೊಬ್ಬರು ಏನು ಬರೀತಿದೀರಾ ಸ್ವಾಮಿ ಅಂದರು. ಓದಿ ಹೇಳಿದೆ. “ನಮ್ ಮರಕ್ಕೆ ಇಲ್ದಿದ್ದು ಕೊಂಬೆ ಅಲ್ವಾ? ತೆಂಗಿಗೆಲ್ ಬಂತು ಸ್ವಾಮಿ ಕೊಂಬೆ? ಇದ್ದಿದ್ರೆ ಕಾಯ್ ಕೀಳೋರ್ಗೆ ಇಷ್ಟ್ ದುಡ್ ಕೊಡ್ಬೇಕಿತ್ತಾ?” ಅಂದರು. ಸರಿಯಾಗಿತ್ತು! ಕೊಂಬು ಪದದ ‘ಬು’ಗೆ ಇರುವ ಕೊಂಬು ತೆಗೆದು ಏತ್ವ ಕೊಟ್ಟರೆ ಕೊಂಬೆ. ಏತ್ವ ಕೊಂಬಿನ ಲೆಕ್ಕ ನನಗೆ ಬಿಟ್ಟು ಅವರು ಮರ ನೋಡಿದ್ದರು. ತೂಕದ ಆಳು ಕೂಡ “ಇನ್ನೊಂದ್ ಹೇಳಿ” ಅಂತ ಹತ್ತಿರ ಬಂದ. “ಹೂವಿನ ಸಹವಾಸದಲ್ಲಿ ಸ್ವರ್ಗಕ್ಕೆ ಹೋದದ್ದು, ಕೆಟ್ಟರೆ ದುರ್ವಾಸನೆ ಬೀರು (2)” ಅಂದದ್ದೇ ತಡ, “ನಾರು” ಅಂದ.

ತಾವರೆಗೆ ಏಳು ಹೆಸರು ಗೊತ್ತಿರುವವರು ಮಂಡಿಯಲ್ಲಿ ನಾನೊಬ್ಬನೇ ಇರಬಹುದು, ಆದರೆ ಮಾತಿನ ಆಟಕ್ಕೆ ನಿಘಂಟು ಬೇಡ, ಕಿವಿ ಇದ್ದರೆ ಸಾಕು. ಗಾದೆ ಗೊತ್ತಿದ್ದವರು, ಮರ ಹತ್ತಿದವರು, ಒಲೆ ಮುಂದೆ ಕೂತವರು ಎಲ್ಲರಿಗೂ ಅದರಲ್ಲಿ ಬಾಗಿಲಿದೆ. ಇಂಥ ಪದಬಂಧ ಪಂಡಿತರಿಗೆ ಮಾತ್ರ, ಸಾಮಾನ್ಯ ಓದುಗರಿಗೆ ಅಲ್ಲ ಎನ್ನುವ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ.

ಈಗಿರುವ ಪದಬಂಧ ಹೀಗೇಕೆ ಆಯಿತು ಅನ್ನುವುದಕ್ಕೆ ಕಾರಣ ಇದೆ, ಹೆಣೆಯುವವರನ್ನಷ್ಟೇ ದೂರಿದರೆ ಅನ್ಯಾಯ. ಇಂಗ್ಲಿಷಿನ ಮನೆಗೆ 26 ಅಕ್ಷರಗಳಲ್ಲಿ ಒಂದು ಬಂದು ಕೂರುತ್ತದೆ. ನಮ್ಮ ಮನೆಗೆ ಗುಣಿತಾಕ್ಷರ, ಒತ್ತಕ್ಷರ ಸೇರಿ ನೂರಾರು ಉಮೇದುವಾರರು. ‘ಕ’ ಬೇರೆ, ‘ಕಾ’ ಬೇರೆ, ‘ಕ್ಕ’ ಇನ್ನೂ ಬೇರೆ. ಚಿಕ್ಕನಾಯಕನಹಳ್ಳಿಯ ಐದನೇ ಮನೆಯ ‘ಕ’ದಿಂದ ಕರಟವನ್ನು ಕೆಳಕ್ಕೆ ಇಳಿಸಬಹುದು, ಎರಡನೇ ಮನೆಯ ‘ಕ್ಕ’ದಿಂದ ಯಾವ ಪದ ಇಳಿಸುತ್ತೀರಿ? ‘ಕ್ಕ’ದಿಂದ ಶುರುವಾಗುವ ಪದವೇ ಇಲ್ಲ. ಹಾಗಾಗಿ ಹೆಣೆಯುವವರು ತಲೆಕಟ್ಟಿನ ಬಿಡಿ ಅಕ್ಷರಗಳ ಸಂಸ್ಕೃತ ಪದಗಳಿಗೆ ಮೊರೆ ಹೋಗುತ್ತಾರೆ. ಕನಕ, ನಯನ, ಕಟಕ, ಸರಸ, ಜಲಜ. ಎಲ್ಲಿಂದ ಎಲ್ಲಿಗೆ ಬೇಕಾದರೂ ಜೋಡಿಸಬಹುದು. ಮಟ್ಟೆ, ಗಿಟಕು, ಕುರುಂಬೆ, ಅಟ್ಟ ಇವೆಲ್ಲ ಅಂಗಳದಲ್ಲೇ ಉಳಿಯುತ್ತವೆ. ಕೊಬ್ಬರಿ ತಿಂಗಳುಗಟ್ಟಲೆ ಒಣಗುವ ಅಟ್ಟ ನಮ್ಮ ಸೀಮೆಯಲ್ಲಿ ಪ್ರತಿ ಮನೆಯಲ್ಲೂ ಇದೆ, ಪತ್ರಿಕೆಯ ಚೌಕದಲ್ಲಿ ನಾನು ಅದನ್ನು ಕಂಡ ನೆನಪಿಲ್ಲ. ಹುಡುಗಿ ಅದನ್ನೂ ತಂದಿದ್ದಳು: “ಒಲೆ ಉರಿಯುವ ಮುಂಚೆಯೇ ಬೇಯಿಸಿದ, ಗಿಟಕು ಮಲಗುವ ಜಾಗ (2)”. ಅಟ್ಟ ಮೇಲೆ ಒಲೆ ಉರಿದ ಗಾದೆ ಅಜ್ಜಿಯಿಂದ ಕೇಳಿದ್ದಂತೆ. ಕಪ್ಪು ಮನೆಗಳು ಸ್ವಲ್ಪ ಜಾಸ್ತಿಯಾದವು, ಅಷ್ಟೇ. ಆದರೇನು?

ಕನ್ನಡ ಪದಬಂಧ ಅಂದರೆ ಅ.ನ.ಪ್ರಹ್ಲಾದರಾವ್ ಅವರ ಹೆಸರು ಬರಲೇಬೇಕು. ಕೋಲಾರ ಜಿಲ್ಲೆಯ ಅಬ್ಬಣಿಯವರು. ಡಾ.ರಾಜ್‌ಕುಮಾರ್ ಜೀವನಚರಿತ್ರೆ ಬರೆದವರು, ಹತ್ತಾರು ಸಾವಿರ ಪದಬಂಧ ಹೆಣೆದವರು. ಸಿನಿಮಾ ವಿಷಯದ ಪದಬಂಧಗಳನ್ನೂ ರಾಶಿ ರಾಶಿ ಕೊಟ್ಟಿದ್ದಾರೆ. ಒಬ್ಬ ಮನುಷ್ಯ ಇಷ್ಟು ಮಾಡಿದ್ದಕ್ಕೆ ಕೈಮುಗಿಯಬೇಕು. ಆದರೆ ನಮ್ಮಲ್ಲಿ ವಿಷಯಾಧಾರಿತ ಪದಬಂಧ ಅಂದರೆ ಸಾಮಾನ್ಯವಾಗಿ ರಸಪ್ರಶ್ನೆ ಅಂತಲೇ ಅರ್ಥ. ಯಾವ ಚಿತ್ರದ ನಾಯಕಿ, ಯಾವ ವರ್ಷದ ಹಾಡು. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಮಾತಿನ ಆಟದಲ್ಲಿ ಉತ್ತರ ಗೊತ್ತಿಲ್ಲದವನೂ ಸುಳಿವು ಬಿಚ್ಚುತ್ತಾ ಹೋಗಿ ಉತ್ತರ ಮುಟ್ಟಬಹುದು.

ಇದು ಇಂಗ್ಲಿಷರ ಹವ್ಯಾಸ, ನಮಗೇಕೆ ಅಂತಲೂ ಕೇಳುತ್ತಾರೆ. ಚೌಕ ಅವರದ್ದು, ನಿಜ. ಆರ್ಥರ್ ವಿನ್ ಎಂಬಾತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರದಾಕಾರದ ಮೊದಲ ಪದಬಂಧ ಹಾಕಿದ. ಲಂಡನ್ನಿನ ‘ಟೈಮ್ಸ್’ 1930ರಲ್ಲಿ ಶುರು ಮಾಡಿತು. ನಮ್ಮ ‘ದಿ ಹಿಂದೂ’ಗೆ ಗೂಢ ಸುಳಿವಿನ ಪದಬಂಧ ಹೆಣೆದುಕೊಟ್ಟವರು ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ, ಅಡ್ಮಿರಲ್ ಕಟಾರಿ. ಆದರೆ ಸುಳಿವಿನ ಆಟ ಇದೆಯಲ್ಲ, ಅದು ನಮ್ಮದೇ. ದಂಡಿಯ ‘ಕಾವ್ಯಾದರ್ಶ’ದ ಮೂರನೇ ಪರಿಚ್ಛೇದದಲ್ಲಿ 16 ಬಗೆಯ ಪ್ರಹೇಲಿಕೆಗಳ ಲಕ್ಷಣವಿದೆ. ಹಿಂದಿನ ಆಚಾರ್ಯರು 14 ಬಗೆಯ ದುಷ್ಟ ಪ್ರಹೇಲಿಕೆಗಳನ್ನೂ ಹೇಳಿದ್ದರು ಅನ್ನುತ್ತಾನೆ ಅವನು. ಮೋಸದ ಒಗಟು ಯಾವುದು, ನ್ಯಾಯದ ಒಗಟು ಯಾವುದು ಎಂಬ ತಕರಾರು ಅಷ್ಟು ಹಳೆಯದು. ಅಲ್ಲಮನ ಬೆಡಗು, ದಾಸರ ಮುಂಡಿಗೆ ಇದ್ದ ನಾಡು ಇದು. ‘ಕೊರವಂಜಿ’ ಓದಿದವರಿಗೆ ನಾ.ಕಸ್ತೂರಿಯವರ ‘ಅನರ್ಥಕೋಶ’ ನೆನಪಿರುತ್ತದೆ, ವೈಎನ್ಕೆ ಅವರ ಪನ್ನುಗಳನ್ನು ಪತ್ರಿಕೋದ್ಯಮದ ಹಳಬರು ಈಗಲೂ ಹೇಳಿಕೊಂಡು ನಗುತ್ತಾರೆ. ಇಷ್ಟೆಲ್ಲ ಇಟ್ಟುಕೊಂಡು ನಾವು ದಿನಾ ಬೆಳಗ್ಗೆ ಜಲಜ, ವನಜ ತುಂಬುತ್ತಾ ಕೂತಿದ್ದೇವೆ.

ನ್ಯಾಯದ ಮಾತು ಬಂತಲ್ಲ, ಹುಡುಗಿಯ ಜೊತೆ ನನ್ನ ಜಗಳವೂ ಅದರ ಮೇಲೇ. “ಜಲವೇ ಎಂದು ಕೇಳಿದರೆ ಹೊಂಬಾಳೆಯ ರಸ ಸುರಿಯಿತು (2)”. ಉತ್ತರ ನೀರಾ. “ನೀರಾ?” ಅಂತ ಕೇಳುವುದು ಆಡುಮಾತು, ಬರೆಯುವಾಗ ನೀರೇ ಅಂತ ಬರಬೇಕು, ಇದು ಸಲ್ಲದು ಅಂದೆ. “ನೀನ್ ಮನೇಲಿ ನೀರೇ ಅಂತೀಯಾ ಮಾವ?” ಅಂದಳು. ಅವಳ ಅತ್ತೆ ಒಳಗಿಂದ ನಕ್ಕದ್ದು ಕೇಳಿಸಿತು. ಆ ಸುಳಿವು ಸರಿ ಅಂತ ಈಗ ನನಗೂ ಅನ್ನಿಸಿದೆ. ಪದಬಂಧದೊಳಗೆ ಗ್ರಂಥದ ಕನ್ನಡಕ್ಕಷ್ಟೇ ಪ್ರವೇಶ ಅಂತ ಬೋರ್ಡು ಹಾಕಿದರೆ ಆಟದ ಅರ್ಧ ಸಾಮಾನು ಹೊರಗೇ ಉಳಿಯುತ್ತದೆ. ಆದರೆ ಅವಳದ್ದೇ ಇನ್ನೊಂದು ಸುಳಿವನ್ನು ನಾನು ಒಪ್ಪಲಿಲ್ಲ: “ಗಾಳಿಗೆ ಅಲುಗುವುದು (2)” ಅಂತ ಬರೆದು ಗರಿ ಅಂದರೆ ಯಾರು ಒಪ್ಪುತ್ತಾರೆ? ಎಲೆ ಅಲುಗುವುದಿಲ್ಲವೇ, ಗಂಟೆ ಅಲುಗುವುದಿಲ್ಲವೇ? ಇದು ಮತ್ತೆ ತಾವರೆ ಕತೆಯೇ ಆಯಿತು. ತಿದ್ದಿಸಿದೆ. “ನಗರಿಯ ಒಳಗೇ ಸಿಕ್ಕಿತು, ಸೂರಿಗೆ ಹೊದಿಸುವುದು (2)”. ನಗರಿಯಲ್ಲಿ ಗರಿ ಇದೆ, ಸೂರಿಗೆ ಹೊದಿಸುವುದೂ ಗರಿಯೇ. ಎರಡು ದಾರಿ ಹಿಡಿದು ಹೋದರೂ ಒಂದೇ ಬಾಗಿಲು, ಬೇರೆ ಯಾವ ಪದಕ್ಕೂ ಜಾಗವಿಲ್ಲ.

ಸಂಪಾದಕರು ಇಷ್ಟು ಮಾಡಲಿ. ಭಾನುವಾರದ ಪುರವಣಿಯಲ್ಲಿ ಒಂದು ಚೌಕ ಬಿಟ್ಟುಕೊಡಲಿ. ಮೇಲೆ ನಾಲ್ಕು ಸಾಲಿನಲ್ಲಿ ನಿಯಮ ಇರಲಿ: ಪ್ರತಿ ಸುಳಿವಿನಲ್ಲೂ ಒಂದು ಕಡೆ ಅರ್ಥ, ಇನ್ನೊಂದು ಕಡೆ ಆಟ. ಮುಂದಿನ ವಾರ ಉತ್ತರದ ಜೊತೆ ಅದು ಹೇಗೆ ಬಂತು ಅನ್ನುವುದನ್ನೂ ಬರೆಯಲಿ. ಬರೀ ತುಂಬಿದ ಚೌಕ ಅಚ್ಚಾದರೆ ಸೋತವನಿಗೆ ಸೋತದ್ದಷ್ಟೇ ತಿಳಿಯುತ್ತದೆ, ಕಲಿಯುವುದೇನೂ ಇರುವುದಿಲ್ಲ. ಹೆಣೆದವರಿಗೆ ಒಂದಿಷ್ಟು ಸಂಭಾವನೆ ಕೊಡಲಿ, ಹೆಸರು ಹಾಕಲಿ. ಬೆಂಗಳೂರಲ್ಲಿ ಕೂತು ಎಲ್ಲಾ ಸೀಮೆಗೂ ಒಬ್ಬರೇ ಹೆಣೆಯಬೇಕಿಲ್ಲ. ಶಿರಸಿಯವರು ಅಡಿಕೆಯ ಮೇಲೆ, ಬ್ಯಾಡಗಿಯವರು ಮೆಣಸಿನಕಾಯಿ ಮೇಲೆ, ಕಾಸರಗೋಡಿನವರು ಯಕ್ಷಗಾನದ ಮೇಲೆ ಹೆಣೆದು ಕಳಿಸಲಿ. ಅವರ ಮಾತು ನಮಗೆ ಅರ್ಥವಾಗದೇ ಹೋಗಬಹುದು. ಆಗಲಿ, ಅಷ್ಟರಮಟ್ಟಿಗೆ ಫೋನ್ ಮಾಡಿ ಕೇಳುವ ನೆಂಟರು ಎಲ್ಲರಿಗೂ ಇರುತ್ತಾರೆ.

ನಮ್ಮ ಹುಡುಗಿ ಈಗ ಚಿಕ್ಕನಾಯಕನಹಳ್ಳಿಯ ನೇಯ್ಗೆಯವರ ಮೇಲೆ ಒಂದು ಹೆಣೆಯುತ್ತಿದ್ದಾಳೆ. ಮೊದಲ ಸುಳಿವು ಕಳಿಸಿದಳು, ಇದಕ್ಕೂ ಡಿಕ್ಷನರಿ ಮುಟ್ಟುವಂತಿಲ್ಲ: “ಕಂಬದ ಪಕ್ಕದಲ್ಲಿ ನಿಂತು ಒಂದು ‘ಬ’ ಬಿಟ್ಟರೆ ಚಳಿ ಹೋಯಿತು (3)”.